ಬಾಯಲ್ಲಿ ನೀರಿಲ್ಲದ ಹತ್ತು ಜನ

ನಮ್ಮೂರಲ್ಲಿ ಒಂದು ಪದ್ಯಕ್ಕೆ ಒಂದೇ ಬಾಯಿ. ಹೇಳುವವರ ಎದುರು ಬರಿಬಾಯಲ್ಲಿ ಕೂತು ಯಾರಾದರೂ ಪದ್ಯವನ್ನು ಕೊನೆತನಕ ಮನಸ್ಸಿಟ್ಟು ಕೇಳಿದರೆ ಅದು ಕೇಳಿದವರದಾಗುತ್ತದೆ, ಹೇಳಿದವರ ನಾಲಗೆ ಬಿಟ್ಟುಹೋಗುತ್ತದೆ. ಕರೆದ ಹಾಲು ಕೆಚ್ಚಲಿಗೆ ತಿರುಗದ ಹಾಗೆ, ಬಿಟ್ಟ ಬಾಯಿಗೆ ಅದು ಮತ್ತೆ ಮರಳುವುದೂ ಇಲ್ಲ. ಅದಕ್ಕೇ ನಮ್ಮವರು ಕೇಳಲು ಕೂರುವಾಗ ಬಾಯಲ್ಲಿ ಒಂದು ಗುಟುಕು ನೀರು ಹಿಡಿದು ಕೂರುತ್ತಾರೆ. ನೀರಿದ್ದ ಬಾಯಿಗೆ ಪದ್ಯ ಅಂಟುವುದಿಲ್ಲ, ಕೇಳಿದ ಸುಖವಷ್ಟೇ ಸಿಗುತ್ತದೆ. ಪದ್ಯ ಮುಗಿದ ಮೇಲೆ ನುಂಗುವುದು, ಇನ್ನೊಂದು ಗುಟುಕು ತುಂಬಿಕೊಳ್ಳುವುದು. ಮಾತಿಗೆ ಈ ತಾಪತ್ರಯವಿಲ್ಲ. ಮಾತು ಎಷ್ಟು ಜನರ ಬಾಯಲ್ಲಾದರೂ ಇರಬಹುದು, ಇದ್ದೇ ಇರುತ್ತದೆ.

ಹೆಣ್ಣು ನೋಡಲು ಬಂದವರು ಹುಡುಗಿ ಎಷ್ಟು ಹಾಡು ತರುತ್ತಾಳೆಂದು ಕೇಳುತ್ತಾರೆ. ಸೊಸೆಗೆ ಜೋಗುಳ ಕೊಡದೆಯೇ ಕಣ್ಣು ಮುಚ್ಚಿದ ಅತ್ತೆಯರಿದ್ದಾರೆ, ಅಂಥ ಮನೆಯ ಕೂಸುಗಳು ತೊಟ್ಟಿಲ ಕಿರುಗುಟ್ಟುವಿಕೆಗೇ ಮಲಗಿ ದೊಡ್ಡವಾಗಿವೆ. ಸಂಜೆ ಮಠದ ಪಡಸಾಲೆಯಲ್ಲಿ ಓಲೆ ಹಿಡಿಯದೆ ಬಾಯಿಂದಲೇ ಕಾವ್ಯ ಓದುವಾಗ ಊರಿಗೆ ಊರೇ ಕೆನ್ನೆ ಉಬ್ಬಿಸಿಕೊಂಡು ಕೂತಿರುತ್ತದೆ. ಹಾಸ್ಯದ ಪದ್ಯ ಬಂತೆಂದರೆ ಮುಂದಿನ ಸಾಲಿನವರ ಬೆನ್ನು ಒದ್ದೆ. ಅಳುವ ಪದ್ಯಕ್ಕೆ ತೊಂದರೆಯಿಲ್ಲ, ಅದು ಕಣ್ಣಿನ ಕೆಲಸ.

ಓದುತ್ತಿದ್ದವರು ನಮ್ಮಪ್ಪ. ಲೋಟಗಳಿಗೆ ನೀರು ತುಂಬುತ್ತಿದ್ದವಳು ನಾನು. "ಅಚ್ಚಮ್ಮ, ನೀರು" ಅನ್ನುವುದು ನನ್ನ ಹೆಸರೇ ಆಗಿಹೋಗಿತ್ತು. ನನಗೇನೂ ಬೇಸರವಿರಲಿಲ್ಲ. ಹುಟ್ಟಿದಾಗಿನಿಂದ ಪದ್ಯ ಕೇಳಿ ಬೆಳೆದವಳು ನಾನು. ಹೇಳುವ ಆಸೆ ನನಗೆ ಯಾವತ್ತೂ ಬರಲಿಲ್ಲ.

ಅಂಥ ಒಂದು ಸಂಜೆ ಕಡಲಾಚೆಯವನೊಬ್ಬ ಮಠಕ್ಕೆ ಬಂದ. ಕೆಂಪು ಗಡ್ಡ, ದಪ್ಪ ಮುಂಗೈ, ಹರಿದ ಚಪ್ಪಲಿ. ಅಜ್ಜಯ್ಯನವರನ್ನು ನೋಡಬೇಕೆಂದ. ಅಜ್ಜಯ್ಯ ಮಠದ ಹಿಂಬದಿಯ ಕೋಣೆಯಲ್ಲಿ ಕೂತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದ ನಮ್ಮೂರಿನ ಸಂತರು. ತಮ್ಮಲ್ಲಿದ್ದ ಪದ್ಯಗಳನ್ನೆಲ್ಲ ಊರಿಗೆ ಕೊಟ್ಟು, ಗುರುವಿನಿಂದ ಬಂದ ಒಂದೇ ಒಂದನ್ನು ಇಟ್ಟುಕೊಂಡಿದ್ದರು. ಅದನ್ನು ಯಾರೂ ಕೇಳಿರಲಿಲ್ಲ. ಓದು ಮುಗಿಯುವವರೆಗೆ ಕೂತಿರಪ್ಪ ಎಂದು ಬಂದವನಿಗೆ ಹೇಳಿ ನಾನು ಲೋಟ ಕೊಟ್ಟೆ. ನಡೆದು ಬಂದವನು, ಬಾಯಾರಿತ್ತು. ನೀರನ್ನು ಗಟಗಟ ಕುಡಿದು ಲೋಟ ಕೆಳಗಿಟ್ಟ. ಹಾಗೆ ಕುಡಿಯಬಾರದೆಂದು ಹೇಳಬೇಕೆಂದು ನಮಗೆ ಯಾರಿಗೂ ಹೊಳೆಯಲೇ ಇಲ್ಲ. ನಮ್ಮೂರಲ್ಲಿ ಎಳೆಕೂಸಿಗೂ ಅದು ಗೊತ್ತಿರುತ್ತದಲ್ಲ. ಅಪ್ಪ ಎಂದಿನಂತೆ ಗಣಪತಿಯ ಸ್ತುತಿಪದ್ಯ ಎತ್ತಿಕೊಂಡರು. ಸ್ತುತಿ ಮುಗಿದದ್ದೇ, ದಣಿದಿದ್ದ ಅವನು ಹಿಂದಿನ ಕಂಬಕ್ಕೆ ಒರಗಿ ನಿದ್ದೆಹೋದ.

ಮಾರನೆಯ ಸಂಜೆ ಅಪ್ಪ ಬಾಯಿ ತೆರೆದರೆ ಸ್ತುತಿ ಇಲ್ಲ. ಒಂದು ಸಲ ಕೆಮ್ಮಿ, ಕಣ್ಣು ಮುಚ್ಚಿ ಹುಡುಕಿದರು. ಆಗ ಹಿಂದಿನ ಕಂಬದ ಬಳಿಯಿಂದ ಅದೇ ಪದ್ಯ ಮುರುಕು ಉಚ್ಚಾರದಲ್ಲಿ, ರಾಗ ಮಾತ್ರ ಒಂದಿಷ್ಟೂ ತಪ್ಪದೆ ಕೇಳಿಬಂತು. ಹೇಳುತ್ತಿದ್ದವನಿಗೆ ಅರ್ಥ ತಿಳಿಯದು, ನಿಲ್ಲಿಸಲೂ ಬಾರದು.

ಮಂಡಕ್ಕಿ ಭಟ್ಟಿಯ ಕೆಂಚಪ್ಪ ನೀರು ನುಂಗಿ, "ಹೋಯ್ತು ಸ್ವಾಮಿ! ಇನ್ನು ನಮ್ಮ ಗಣಪ ಕೆಂಪುಗಡ್ಡದ ಬಾಯಲ್ಲಿ ಕೂತ. ಬರೀ ಲೋಟ ಕೊಟ್ಟರೆ ಸಾಲದು, ಅಚ್ಚಮ್ಮ, ಗಂಟಲನ್ನೂ ನೋಡಬೇಕು" ಎಂದ.

ಅಪ್ಪನಿಗೆ ಸಿಟ್ಟು ಬರಲಿಲ್ಲ. "ಬಾಯಾರಿ ಕೇಳಿದ್ದಾನೆ ಕಣಯ್ಯ. ನೀನು ಇಷ್ಟು ವರ್ಷ ಕೇಳಿದೆಯಲ್ಲ, ಯಾವತ್ತಾದರೂ ಬಾಯಾರಿತ್ತೆ?" ಎಂದರು.

ಹೀಗೆ ಅವನು ಉಳಿದ. ಸ್ತುತಿ ಅವನ ಬಾಯಲ್ಲಿದ್ದ ಮೇಲೆ ಅವನಿಲ್ಲದೆ ನಮ್ಮ ಓದು ಶುರುವಾಗುವಂತಿರಲಿಲ್ಲ. ಹೆಸರು ನಪ್ತಾಲಿ. ಯೆಹೂದ್ಯರವನು, ರೊಟ್ಟಿ ಸುಡುವವರ ಮನೆಯ ಮಗ. "ಬಟ್ಟೆ ಮಧ್ಯೆ ಇಡೋ ನುಸಿಗುಳಿಗೆಗೆ ಹೀಗೇ ಏನೋ ಅಂತಾರಲ್ಲ?" ಎಂದು ಕೆಂಚಪ್ಪ ನಕ್ಕ. ಆಮೇಲೆ ಅವನ ಬಾಯಲ್ಲಿ ನಪ್ತಾಲಿ ನುಸಿಗುಳಿಗೆಯೇ ಆದ. ಅಜ್ಜಯ್ಯನ ಆ ಪದ್ಯ ಬಯಸಿ ಶಿಷ್ಯನಾದವನಿಗೆ ಬೇರೆ ಹೆಸರಿಡಿ ಎಂದು ಕೆಲವರು ಅವರಿಗೆ ಹೇಳಿದ್ದುಂಟು. ಅಜ್ಜಯ್ಯ ಬತ್ತಿ ಹೊಸೆಯುತ್ತಲೇ, "ಹೆಸರು ಅವರಪ್ಪ ಇಟ್ಟದ್ದು. ನಾನ್ಯಾಕೆ ಕೈ ಹಾಕಲಿ?" ಎಂದರಂತೆ.

ಅಜ್ಜಯ್ಯನ ಆ ಒಂದು ಪದ್ಯ ಖಾಲಿಯಾದ ಬಾಯಿಗಷ್ಟೇ ಹೋಗುವಂಥದು. ಅದನ್ನು ಪಡೆಯುವವನು ಮೊದಲು ತನ್ನಲ್ಲಿದ್ದದ್ದನ್ನೆಲ್ಲ ಕೊಟ್ಟು ಬರಬೇಕು. ಅವರ ಗುರುವೂ ಅವರಿಂದ ಹಾಗೇ ಕೊಡಿಸಿದ್ದು. ನಪ್ತಾಲಿ ಕೊಡಲು ಶುರುಮಾಡಿದ. ಮಠದ ಅಡಿಗೆಮನೆಯಲ್ಲಿ ಹಿಟ್ಟು ನಾದುವುದು, ಕೆಲಸ ಮುಗಿದ ಮೇಲೆ ಯಾರದಾದರೂ ಜಗಲಿಗೆ ಹೋಗಿ "ಅಮ್ಮ, ಬಾಯಿ ಖಾಲಿ ಇದೆಯೇ?" ಎಂದು ಕೇಳುವುದು. ಅವನ ದೇವರ ಹಾಡೊಂದು ಕುಂಬಾರರ ನಿಂಗವ್ವನಿಗೆ ಹೋಯಿತು. ತಿಗರಿ ತಿರುಗಿಸುತ್ತಾ ಅವಳು ಅದನ್ನು ಹಾಡಿದರೆ ಮಡಕೆ ಬಿರುಕು ಬಿಡುವುದಿಲ್ಲವೆಂದು ಕೊಳ್ಳುವವರು ನಂಬಿದರು. ಅವನ ತಾಯಿಯ ಜೋಗುಳ ಸೂಲಗಿತ್ತಿಯ ಪಾಲಾಯಿತು, ಕೇರಿಯ ಕೂಸುಗಳು ಯಾರಿಗೂ ತಿಳಿಯದ ಭಾಷೆಯಲ್ಲಿ ನಿದ್ದೆ ಹೋಗತೊಡಗಿದವು. ಶುಕ್ರವಾರ ಸಂಜೆ ಅವರಲ್ಲಿ ದೀಪ ಹಚ್ಚಿ ಹಾಡುವ ಹಾಡನ್ನು ಗಾಣದ ಮನೆಯ ಸೊಸೆ ತೆಗೆದುಕೊಂಡಳು. ಅವಳಿಗೂ ಶುಕ್ರವಾರವೇ ಲಕ್ಷ್ಮಿಯ ದಿನ. ಒಂದಿಷ್ಟೂ ಎಡವಟ್ಟಾಗಲಿಲ್ಲ.

ನಮ್ಮಪ್ಪನಿಗೆ ಮೈ ಸೋತ ವರ್ಷ ಅವರು ತಮ್ಮ ಕಾವ್ಯವನ್ನೆಲ್ಲ ನನಗೆ ಕೊಟ್ಟರು. ಬೇಡವೆಂದರೂ ಕೇಳಲಿಲ್ಲ. ದಿನಕ್ಕೆ ಒಂದಿಷ್ಟು, ನಾನು ಬರಿಬಾಯಲ್ಲಿ ಎದುರಿಗೆ ಕೂತು ತೆಗೆದುಕೊಂಡೆ. ಯುದ್ಧದ ಭಾಗವೂ ಹೋದ ಮೇಲೆ ಅವರು ನನ್ನ ಮುಖ ನೋಡಿ, "ಆಮೇಲೇನಾಯ್ತಮ್ಮ?" ಎಂದು ಕೇಳಿದರು. ಬಾಯಿಂದ ಪದ್ಯ ಹೋದರೆ ಕಥೆಯೂ ಸಡಿಲಾಗುತ್ತದೆಂದು ನನಗೆ ಗೊತ್ತಾದದ್ದು ಆವತ್ತು. ನಾನು ಮಾತಿನಲ್ಲಿ ಕಥೆ ಹೇಳಿದೆ. ಅವರು ಹೊಸದಾಗಿ ಕೇಳುವವರ ಹಾಗೆ ಬೆರಗಾಗಿ ಕೇಳಿದರು. ನಪ್ತಾಲಿ ಅವತ್ತೇ ಬಂದು, ಗಣಪತಿ ಸ್ತುತಿಯನ್ನು ನನಗೆ ಕೊಟ್ಟುಹೋದ. "ತಲೆಯಿಲ್ಲದೆ ಮೈ ಇಟ್ಟುಕೊಂಡು ಏನು ಮಾಡುತ್ತೀ ಅಚ್ಚಮ್ಮ?" ಎಂದ. ಅಪ್ಪ ತೀರಿಕೊಂಡ ಮೇಲೆ ಓದುವುದು ನನ್ನ ಮೇಲೆ ಬಿತ್ತು. ನೀರು ತುಂಬುವುದೂ ನಾನೇ.

ಇಷ್ಟೆಲ್ಲ ಕೊಟ್ಟ ಮೇಲೂ ಅಜ್ಜಯ್ಯ ನಪ್ತಾಲಿಯನ್ನು ಕರೆಯಲಿಲ್ಲ. ಅವನಲ್ಲಿ ಇನ್ನೊಂದು ಉಳಿದಿದೆ ಎಂದು ಊರಿಗೆ ತಿಳಿಯಲು ಅಷ್ಟು ಸಾಕಾಯಿತು. ಅಜ್ಜಯ್ಯ ತಾವು ಹೊಸೆಯುವ ಬತ್ತಿಯ ಹಾಗೇ ತೆಳ್ಳಗಾಗುತ್ತಿದ್ದರು. ಊಟ ಎರಡು ತುತ್ತಿಗೆ ಇಳಿದಿತ್ತು.

ನಾನೇ ಒಂದು ದಿನ ಅಡಿಗೆಮನೆಗೆ ಹೋಗಿ ಕೇಳಿದೆ. "ಏನು ನಪ್ತಾಲಿ ಅಣ್ಣ ಅದು, ಕೊಡಲಾರದಂಥದ್ದು?"

ಹಿಟ್ಟು ನಾದುತ್ತಿದ್ದವನು ಕೈ ನಿಲ್ಲಿಸಲಿಲ್ಲ. "ಅಪ್ಪ ಸತ್ತರೆ ಮಗ ಹೇಳುವಂಥದ್ದು. ಪ್ರತಿ ವರ್ಷ ಆ ದಿನ ಬಂದಾಗ."

"ಸಾವಿನ ಪದ್ಯವೇ?"

"ಸಾವಿನ ಮಾತೇ ಅದರಲ್ಲಿಲ್ಲ. ದೇವರ ಹೆಸರು ದೊಡ್ಡದಾಗಲಿ ಅಂತ, ಅಷ್ಟೇ."

ಅವನಪ್ಪ ಹೋದ ಸುದ್ದಿಯನ್ನು ಮೆಣಸಿನ ವ್ಯಾಪಾರಿಯೊಬ್ಬ ತಂದು ಆಗ ಎರಡು ಮಳೆಗಾಲ ಕಳೆದಿತ್ತು. ನಪ್ತಾಲಿ ಹೇಳಿದ್ದನ್ನು ನಾನು ನನ್ನ ಮಾತಿನಲ್ಲಿ ಹೇಳುತ್ತೇನೆ. ಮಗ ಯಾವುದೋ ದೇಶದ ಸನ್ಯಾಸಿಯ ಕಾಲ ಬಳಿ ಕೂತನೆಂದು ಕೇಳಿದ ದಿನ ಅವರಪ್ಪ ಅಂಗಡಿ ಮುಚ್ಚಿ, ಅಂಗಿಯ ಅಂಚು ಹರಿದುಕೊಂಡು, ಸತ್ತವರಿಗೆ ಕೂರುವ ಹಾಗೆ ನೆಲದ ಮೇಲೆ ಕೂತರಂತೆ. ಬದುಕಿದ್ದ ಮಗನಿಗಾಗಿ ಇದೇ ಪದ್ಯವನ್ನು ಹೇಳಿದರಂತೆ. "ಅವರು ನನಗೆ ಹೇಳಿ ಮುಗಿಸಿದರು. ನಾನು ಅವರಿಗೆ ಇನ್ನೂ ಒಂದು ಸಲವೂ ಹೇಳಿಲ್ಲ" ಎಂದ ನಪ್ತಾಲಿ.

"ಒಳಗೊಳಗೇ ಹೇಳಿಕೊಳ್ಳಬಾರದೆ?"

"ಒಬ್ಬನೇ ಹೇಳುವ ಹಾಗಿಲ್ಲ. ಹತ್ತು ಜನ ನಿಂತಿರಬೇಕು. ನಡುನಡುವೆ ಅವರು ಆಮೆನ್ ಅನ್ನಬೇಕು."

ಆಮೆನ್ ಅನ್ನಬೇಕಾದರೆ ಬಾಯಲ್ಲಿ ನೀರಿರಬಾರದು. ನೀರಿಲ್ಲದ ಬಾಯಿ ಎದುರಿಗಿದ್ದರೆ ಪದ್ಯ ಹೋಗಿಬಿಡುತ್ತದೆ. ಒಂದು ಸಲ ಹೇಳಿದರೆ ಮುಂದಿನ ವರ್ಷಕ್ಕೆ ಅವನ ಬಾಯಲ್ಲಿ ಅದು ಇರುವುದಿಲ್ಲ. ಹೇಳದೆ ಇಟ್ಟುಕೊಂಡರೆ ಅಪ್ಪನಿಗೂ ಮುಟ್ಟುವುದಿಲ್ಲ, ಅಜ್ಜಯ್ಯನ ಪದ್ಯಕ್ಕೂ ಜಾಗವಿಲ್ಲ. ಅವನವರು ಇರುವ ಬಂದರು ತಿಂಗಳುಗಟ್ಟಲೆ ದಾರಿ. ಹೋಗಿ ಬರುವಷ್ಟರಲ್ಲಿ ಅಜ್ಜಯ್ಯ ಇರುತ್ತಾರೆಂದು ಯಾರೂ ಹೇಳುವಂತಿರಲಿಲ್ಲ. ಇದನ್ನೆಲ್ಲ ಅವನು ಬಾಯಿಬಿಟ್ಟು ಹೇಳಲಿಲ್ಲ. ಹಿಟ್ಟನ್ನು ಬಟ್ಟೆ ಮುಚ್ಚಿ ಪಕ್ಕಕ್ಕಿಟ್ಟ.

ಊರಿನವರು ಸುಮ್ಮನಿರಲಿಲ್ಲ. ನಾಲ್ಕು ಜನ ಸೇರಿ ಅಜ್ಜಯ್ಯನ ಬಳಿ ಹೋದರು. ಮುಂದೆ ನಿಂತವನು ಕೆಂಚಪ್ಪ. "ಅಜ್ಜಯ್ಯ, ನಿಮ್ಮ ಪದ್ಯ ನಿಮ್ಮ ಜೊತೆಗೇ ಮಣ್ಣಾದರೆ ಊರಿಗೆ ಶ್ರೇಯಸ್ಸಲ್ಲ. ಈ ನುಸಿಗುಳಿಗೆ ಒಂದನ್ನ ಕಚ್ಚಿ ಹಿಡಿದಿದ್ದಾನೆ, ಬಿಡೋ ಪೈಕಿ ಅಲ್ಲ. ಬೇರೆ ಯಾರಿಗಾದರೂ ಕೊಡಿ."

"ಯಾರಿಗಪ್ಪ? ನಿನ್ನ ಬಾಯಿ ಖಾಲಿ ಇದೆಯೇ?" ಅಂದರು ಅಜ್ಜಯ್ಯ.

"ನನ್ನ ಬಾಯಲ್ಲೇನಿದೆ? ಮಂಡಕ್ಕಿ ಮಾರುವ ಪದ ಒಂದು ಬಿಟ್ಟರೆ."

"ಅದನ್ನ ಯಾರಿಗಾದರೂ ಕೊಟ್ಟು ಬಾ. ನಾನು ಇಲ್ಲೇ ಇರ್ತೀನಿ."

ಕೆಂಚಪ್ಪ ತಲೆ ಕೆರೆದುಕೊಂಡ. "ಅದು ನಮ್ಮಪ್ಪ ಕೊಟ್ಟಿದ್ದು ಅಜ್ಜಯ್ಯ. ಆ ಪದ ಕೇಳಿದರೇನೇ ಗಿರಾಕಿ ಹೊರಗೆ ಬರೋದು. ಅದನ್ನ ಹೆಂಗೆ..."

"ಹೂಂ" ಎಂದರು ಅಜ್ಜಯ್ಯ. ನಾಲ್ವರೂ ಎದ್ದು ಬಂದರು.

ಅವತ್ತು ಸಂಜೆ ದೀಪಕ್ಕೆ ಬತ್ತಿ ತರಲು ನಾನು ಒಳಗೆ ಹೋದಾಗ ನಪ್ತಾಲಿ ಅಜ್ಜಯ್ಯನ ಕಾಲು ಒತ್ತುತ್ತಿದ್ದ. ಅಜ್ಜಯ್ಯ ಉಳಿದವಕ್ಕಿಂತ ದಪ್ಪನಾದ ಬತ್ತಿಯೊಂದನ್ನು ಹೊಸೆದು ಅವನ ಕೈಗಿಟ್ಟರು.

"ನಿಮ್ಮಪ್ಪನ ದಿನ ಯಾವತ್ತು?"

"ಈ ಅಮಾವಾಸ್ಯೆ ಕಳೆದ ಮೇಲೆ, ಅಜ್ಜಯ್ಯ."

"ದೀಪ ಹಚ್ಚುತ್ತೀರಾ?"

"ಹಚ್ಚುತ್ತೇವೆ."

"ಹಚ್ಚು. ಹೇಳುವುದಿದ್ದರೆ ಹೇಳು."

"ಹತ್ತು ಜನ ಬೇಕು. ಅವರು ನಮ್ಮವರೇ ಆಗಿರಬೇಕು. ಅದು ಕಟ್ಟಳೆ."

"ಹಾಗಾದರೆ ಹೇಳಬೇಡ" ಎಂದು ಅಜ್ಜಯ್ಯ ಅರಳೆಯ ಬುಟ್ಟಿ ಎಳೆದುಕೊಂಡರು.

ನಪ್ತಾಲಿ ಆ ಬತ್ತಿಯನ್ನು ನೋಡುತ್ತಾ ಕೂತ. ಕೊನೆಗೆ, "ಕಟ್ಟಳೆ ತಪ್ಪಿ ಹೇಳಿದರೆ?" ಎಂದ.

"ನನ್ನನ್ನ ಯಾಕೆ ಕೇಳ್ತೀಯ? ನಾನೇನು ನಿಮ್ಮಪ್ಪನೇ?"

ನಾನು ಬತ್ತಿ ತೆಗೆದುಕೊಂಡು ಹೊರಗೆ ಬಂದೆ. ಅಜ್ಜಯ್ಯ ಇನ್ನೊಂದು ಮಾತು ಹೇಳಿ ಅವನ ಭಾರ ಇಳಿಸಬಹುದಿತ್ತೆಂದು ಆಗ ನನಗೆ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ.

ಅಮಾವಾಸ್ಯೆ ಕಳೆಯಿತು. ನಪ್ತಾಲಿ ಬಂದು, "ಅಚ್ಚಮ್ಮ, ನಾಳೆ ಸಂಜೆ ಲೋಟ ಇಡಬೇಡ" ಎಂದ. "ಸರಿಯಲ್ಲ ಅಂತ ಗೊತ್ತು. ಸರಿಯಾಗಿ ಹೇಳುವ ದಿನ ಬರುವುದಿಲ್ಲ ಅಂತಲೂ ಗೊತ್ತು. ತಪ್ಪಾಗಿಯೇ ಹೇಳಿಬಿಡುತ್ತೇನೆ."

ಮಾರನೆಯ ಸಂಜೆ ಅವನಿಂದ ಹಾಡು ಪಡೆದವರೆಲ್ಲ ಬಂದರು. ನಿಂಗವ್ವ ಕೈಗೆ ಅಂಟಿದ ಮಣ್ಣು ತೊಳೆದು ಬಂದಳು. ಗಾಣದ ಮನೆಯಿಂದ ಗಂಡ ಹೆಂಡತಿ ಇಬ್ಬರೂ, ಜೊತೆಗೆ ದೀಪಕ್ಕೆ ಎಣ್ಣೆ. ಅಜ್ಜಯ್ಯನನ್ನು ಚಾಪೆಯ ಸಮೇತ ಎತ್ತಿ ತಂದು ಕಂಬಕ್ಕೆ ಒರಗಿಸಿದರು. ಆಮೆನ್ ಎಲ್ಲಿ ಅನ್ನಬೇಕೆಂದು ನಪ್ತಾಲಿ ಹೇಳಿಕೊಟ್ಟ, ತಾನು ಮುಂದಕ್ಕೆ ಬಾಗಿದಾಗ ಅನ್ನಿ ಎಂದ. ಎಣಿಸಿದರೆ ಒಂಬತ್ತು ಜನ. ಬರುತ್ತೇನೆಂದಿದ್ದ ಸೂಲಗಿತ್ತಿಗೆ ಯಾರದೋ ಮನೆಯಿಂದ ಕರೆ ಬಂದಿತ್ತು. ನಾನು ಲೆಕ್ಕದಲ್ಲಿ ಇರಲಿಲ್ಲ. ನನ್ನ ಬಾಯಲ್ಲಿ ನೀರಿತ್ತು. ಅಪ್ಪ ಕೊಟ್ಟದ್ದನ್ನು ಹೊರುವುದೇ ನನಗೆ ಸಾಕಾಗಿತ್ತು, ಇನ್ನೊಬ್ಬರ ಅಪ್ಪನ ಭಾರ ನನಗೆ ಬೇಕಿರಲಿಲ್ಲ.

ಮಠದ ಬಾಗಿಲಲ್ಲಿ ಕೆಂಚಪ್ಪ ನಿಂತಿದ್ದ. ತಮಾಷೆ ನೋಡಲು ಬಂದವನು, ಮನೆಯಿಂದಲೇ ಬಾಯಿ ತುಂಬ ನೀರು ತುಂಬಿಕೊಂಡು ಬಂದಿದ್ದ. ಕೆನ್ನೆ ಎರಡೂ ಉಬ್ಬಿದ್ದವು. ಎಲ್ಲರೂ ಅವನ ಕಡೆ ತಿರುಗಿದರು. ಅವನು ಬೇಡ ಬೇಡವೆಂದು ತಲೆಯಾಡಿಸಿದ.

"ಕೆಂಚ" ಎಂದರು ಅಜ್ಜಯ್ಯ, ಕಣ್ಣು ಮುಚ್ಚಿಕೊಂಡೇ. "ಉಗುಳು."

ಕೆಂಚಪ್ಪ ಅಜ್ಜಯ್ಯನನ್ನು ನೋಡಿದ, ದೀಪ ನೋಡಿದ, ನಪ್ತಾಲಿಯನ್ನು ನೋಡಿದ. ಹೊರಗೆ ಹೋಗಿ ತುಳಸಿಕಟ್ಟೆಯಿಂದ ಆಚೆಗೆ ಉಗುಳಿ, ಹೆಗಲ ಟವೆಲ್ಲಿನಿಂದ ಬಾಯಿ ಒರೆಸಿಕೊಂಡು ಬಂದು ಸಾಲಿನ ಕೊನೆಯಲ್ಲಿ ನಿಂತ.

ನಪ್ತಾಲಿ ಪಡುವಣಕ್ಕೆ ತಿರುಗಿ ಶುರುಮಾಡಿದ. ನನಗೆ ಒಂದು ಮಾತೂ ತಿಳಿಯಲಿಲ್ಲ. ಆದರೆ ಪದ್ಯದ ನಡಿಗೆ ತಿಳಿಯಿತು. ಭಾರ ಹೊತ್ತವರು ಏರು ಹತ್ತುವಾಗ ಇಡುವ ಹೆಜ್ಜೆಯ ಹಾಗೆ ಅದು ಒಂದೇ ಹದದಲ್ಲಿ ಹೋಗುತ್ತಿತ್ತು. ಅವನು ಬಾಗಿದಾಗಲೆಲ್ಲ ಹತ್ತು ಬಾಯಿ ಆಮೆನ್ ಎಂದವು. ಮೊದಲ ಸಲ ಅಳುಕುತ್ತಾ ಅಂದರು, ಆಮೇಲೆ ಗುಡಿಯಲ್ಲಿ ಗೋವಿಂದ ಎನ್ನುವ ಹಾಗೆ ಗಟ್ಟಿಯಾಗಿ ಅಂದರು. ಕೊನೆಯ ಸಾಲು ಹೇಳಿ ಅವನು ಹಿಂದಕ್ಕೆ ಸರಿದು, ಎಡಕ್ಕೂ ಬಲಕ್ಕೂ ತಲೆ ಬಾಗಿಸಿದ. ಆಮೇಲೆ ತುಟಿ ಅಲುಗಿಸಿ ಮೊದಲ ಮಾತನ್ನು ಹುಡುಕಿದ. ಇರಲಿಲ್ಲ. ಇದ್ದಲ್ಲೇ ನೆಲದ ಮೇಲೆ ಕೂತ.

ಯಾರ ಬಾಯಿಗೆ ಹೋಯಿತೆಂದು ಅವತ್ತು ಗೊತ್ತಾಗಲಿಲ್ಲ. ಅಜ್ಜಯ್ಯನಿಗೇ ಹೋಗಿರಬೇಕು ಎಂದರು ಕೆಲವರು, ನಿಂಗವ್ವನಿಗೆ ಎಂದರು ಕೆಲವರು. ಬೆಳಗಾದರೆ ಕೆಂಚಪ್ಪ ಭಟ್ಟಿಯ ಮಸಿ ಮುಖದಲ್ಲೇ ಮಠಕ್ಕೆ ನುಗ್ಗಿದ.

"ಏಯ್ ನುಸಿಗುಳಿಗೆ, ಇದನ್ನ ವಾಪಸ್ ತಗೊಳಯ್ಯ! ಬೆಳಿಗ್ಗೆಯಿಂದ ಮರಳು ಹುರಿಯೋಕೆ ಕೂತರೆ ಬಾಯಿ ತಾನೇ ತಾನಾಗಿ ನಿಮ್ಮ ಭಾಷೆ ಆಡ್ತಿದೆ. ನನ್ನ ಹೆಂಡತಿ ತಾಯಿತ ಕಟ್ಟಿಸೋಕೆ ಹೊರಟಿದ್ದಾಳೆ!"

"ತಗೊಳ್ಳೋಕೆ ಬರೋದಿಲ್ಲ ಕೆಂಚಣ್ಣ. ನಿನಗೇ ಗೊತ್ತಲ್ಲ."

"ಹಾಗಾದರೆ ಪ್ರತಿ ವರ್ಷ ನಾನು ಹೇಳಬೇಕೇನು? ನಿಮ್ಮಪ್ಪನಿಗೆ ನಾನೇನು ಮಗನೇ?"

ನಪ್ತಾಲಿ ಕಾವಲಿಯಿಂದ ಬಿಸಿ ರೊಟ್ಟಿಯೊಂದನ್ನು ತೆಗೆದು ಅವನ ಕೈಗೆ ಕೊಟ್ಟ. "ನಮ್ಮಪ್ಪನೂ ಬೆಳಗಿನ ಜಾವ ಭಟ್ಟಿಯ ಮುಂದೆಯೇ ಕೂರುತ್ತಿದ್ದರು. ಮುಖ ಹೀಗೇ ಇರುತ್ತಿತ್ತು" ಎಂದ.

ಕೆಂಚಪ್ಪ ರೊಟ್ಟಿಯನ್ನು ಹಿಡಿದು ನಿಂತ. ಒಳಗಿನಿಂದ ಅಜ್ಜಯ್ಯ, "ಬೆಂಕಿ ಮುಂದೆ ಕೂರೋನ ಬಾಯಿ ಒಣಗಿರುತ್ತೆ. ಉಗುಳಿದ ಮೇಲೆ ಅಷ್ಟು ಒಣಬಾಯಿ ಇನ್ನ್ಯಾರದಿತ್ತು?" ಎಂದರು. ಕೆಂಚಪ್ಪ ಏನೋ ಗೊಣಗಿ ರೊಟ್ಟಿ ತಿನ್ನುತ್ತಾ ಹೋದ. ಆಮೇಲೆ ಅವನು ನುಸಿಗುಳಿಗೆ ಎಂದದ್ದನ್ನು ನಾನು ಕೇಳಲಿಲ್ಲ.

ಅಂದೇ ಅಜ್ಜಯ್ಯ ನಪ್ತಾಲಿಯನ್ನು ಕರೆದು ಬಾಗಿಲು ಹಾಕಿಸಿದರು. ಒಳಗೇನು ಹೇಳಿದರೋ ಯಾರಿಗೂ ತಿಳಿಯದು. ಕಿವಿಗೊಟ್ಟು ಕೇಳಲು ನಾನೇನು ಪದ್ಯಗಳ್ಳಿಯೇ? ಆದರೆ ಕೊನೆಗೆ ನಪ್ತಾಲಿ ಅಭ್ಯಾಸದಿಂದ ಆಮೆನ್ ಎಂದದ್ದೂ, ಅದಕ್ಕೆ ಅಜ್ಜಯ್ಯ ಕೆಮ್ಮು ಬರುವವರೆಗೂ ನಕ್ಕದ್ದೂ ಪಡಸಾಲೆಗೆ ಕೇಳಿಸಿತು. ಆ ಬೇಸಗೆಯನ್ನು ಅಜ್ಜಯ್ಯ ದಾಟಲಿಲ್ಲ. ಬತ್ತಿ ಹೊಸೆಯುವುದನ್ನು ನಪ್ತಾಲಿ ಮುಂದುವರಿಸಿದ.

ಮುಂದಿನ ವರ್ಷ ಆ ದಿನಕ್ಕೆ ಕೆಂಚಪ್ಪ ಒಗೆದ ಪಂಚೆ ಉಟ್ಟು, ಕರೆಯದೆಯೇ ಬಂದ. ಹೇಳುವವನು ಅವನು. ಆಮೆನ್ ಅನ್ನುವ ಹತ್ತು ಜನರಲ್ಲಿ ನಪ್ತಾಲಿ ಒಬ್ಬ. ಹೇಳಿ ಮುಗಿಸಿದ ಮೇಲೆ ಕೆಂಚಪ್ಪ ಜೇಬು ತಡವಿಕೊಳ್ಳುವವನ ಹಾಗೆ ಎದೆ ಮೇಲೆ ಕೈಯಾಡಿಸುತ್ತಾ, "ಹೋಯ್ತೇನಯ್ಯ?" ಎಂದು ಕೇಳಿದ. ಹೋಗಿತ್ತು. ಆ ಸಲ ಗಾಣದ ಮನೆಗೆ ಹೋಗಿತ್ತು. ಅಲ್ಲಿಂದ ಮುಂದೆ ವರ್ಷಕ್ಕೊಂದು ಬಾಯಿ. ಈ ಸಲ ಯಾರಲ್ಲಿದೆ ಎಂದು ಊರು ನೆನಪಿಟ್ಟುಕೊಳ್ಳುತ್ತದೆ. ಇರುವವರ ಮನೆಯಲ್ಲಿ ಆ ವರ್ಷ ಒಂದು ರೊಟ್ಟಿ ಹೆಚ್ಚಿಗೆ ಸುಡುತ್ತಾರೆ. ಯಾಕೆಂದು ಕೇಳಿದರೆ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕಡಲಾಚೆ ರೊಟ್ಟಿ ಸುಡುತ್ತಿದ್ದ ಆ ಮುದುಕರಿಗೆ, ಒಬ್ಬನೇ ಮಗನನ್ನು ಸತ್ತನೆಂದು ಬಿಟ್ಟುಕೊಟ್ಟವರಿಗೆ, ನಮ್ಮೂರಲ್ಲಿ ವರ್ಷಕ್ಕೊಬ್ಬ ಮಗ ಹುಟ್ಟುತ್ತಾ ಬಂದ. ಅವರ ದೇವರು ಈ ಲೆಕ್ಕ ಒಪ್ಪುತ್ತಾನೋ ಇಲ್ಲವೋ ನಾನು ಹೇಳಲಾರೆ.

ಇಷ್ಟು ವರ್ಷವೂ ನಾನು ಬಾಯಲ್ಲಿ ನೀರು ಹಿಡಿದು ಕಂಬದ ಬಳಿ ನಿಂತವಳೇ. ಹೋದ ವರ್ಷ ಒಬ್ಬರು ಕಡಿಮೆಯಾದರು. ನಪ್ತಾಲಿಗೆ ಆಗಲೇ ನಿಲ್ಲಲು ಕೋಲು ಬೇಕಾಗಿತ್ತು. ಅಜ್ಜಯ್ಯನ ಪದ್ಯವನ್ನು, ತನ್ನದೆಲ್ಲ ಕೊಟ್ಟು ಬಂದ ನಿಂಗವ್ವನಿಗೆ ಕೊಟ್ಟು ಅವನು ಖಾಲಿಯಾಗಿದ್ದ. ಅವನು ನನ್ನನ್ನು ಕೇಳಲಿಲ್ಲ. ಸುಮ್ಮನೆ ಸಾಲನ್ನು ಎಣಿಸಿ, ಬಾಗಿಲ ಕಡೆ ನೋಡಿ, ಮತ್ತೆ ಎಣಿಸಿದ. ನನಗೆ ಉಗುಳುವುದಕ್ಕೂ ಆಗಲಿಲ್ಲ. ನೀರನ್ನು ನುಂಗಿ ಹೋಗಿ ಸಾಲಿನಲ್ಲಿ ನಿಂತೆ. ಮಾರನೆಯ ದಿನ ಕೊಡ ಎತ್ತುವಾಗ ಅದು ನನ್ನ ಬಾಯಲ್ಲಿತ್ತು, ಅಪ್ಪನ ಯುದ್ಧಪದ್ಯಗಳ ಪಕ್ಕದಲ್ಲೇ, ಇಕ್ಕಟ್ಟೇನೂ ಆಗದೆ.

ನಪ್ತಾಲಿ ಅಣ್ಣ ಈ ಜ್ಯೇಷ್ಠದಲ್ಲಿ ತೀರಿಕೊಂಡ. ಹೆಂಡತಿ ಮಕ್ಕಳಿರಲಿಲ್ಲ. ಇವತ್ತು ಅವರಪ್ಪನ ದಿನ. ಎರಡು ದೀಪ ಇಟ್ಟಿದ್ದೇನೆ, ಬತ್ತಿ ಅವನು ಹೊಸೆದಿಟ್ಟು ಹೋದದ್ದೇ. ಹೇಳಿದ ಮೇಲೆ ಇದು ನನ್ನಲ್ಲಿ ಉಳಿಯುವುದಿಲ್ಲವೆಂದು ಬೆಳಗಿನಿಂದ ಮೆಲ್ಲಗೆ ಅದನ್ನು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಲೋಟಗಳನ್ನೆಲ್ಲ ತೊಳೆದು ಬೋರಲು ಹಾಕಿದ್ದೇನೆ. ಜನ ಬರುತ್ತಿದ್ದಾರೆ. ಎಲ್ಲರಿಗಿಂತ ಮೊದಲು ಬಂದವನು ಕೆಂಚಪ್ಪ. ಕಣ್ಣು ಮಂಜಾಗಿದೆ, ಮೊಮ್ಮಗಳ ಹೆಗಲು ಹಿಡಿದು ನಡೆಯುತ್ತಾನೆ. ಈ ಪದ್ಯ ತನ್ನ ಬಾಯಿಗೆ ಇನ್ನು ಬರುವುದಿಲ್ಲವೆಂದು ಅವನಿಗೆ ಗೊತ್ತು. ಸಾಲಿನ ಕೊನೆಯಲ್ಲಿ, ಮೊದಲ ವರ್ಷ ನಿಂತಿದ್ದ ಜಾಗದಲ್ಲೇ ನಿಂತುಕೊಂಡು ಟವೆಲ್ಲಿನಿಂದ ಬಾಯಿ ಒರೆಸಿಕೊಂಡ.

"ಶುರು ಮಾಡಮ್ಮ ಅಚ್ಚಮ್ಮ" ಎನ್ನುತ್ತಿದ್ದಾನೆ. "ಬಾಯಿ ಒಣಗ್ತಾ ಇದೆ."